ಬಲಗೈಗೊಂದು ಗ್ರಿಪ್ಪು

ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ 2010ರಲ್ಲಿ ಎತ್ತರದ ರಸ್ತೆ ಬಂದ ಮೇಲೂ ನನ್ನಂಥ ಕೆಲವು ಎರಡು ಚಕ್ರದವರು ಕೆಳಗಿನ ರಸ್ತೆಯನ್ನು ಬಿಡಲಿಲ್ಲ. ಕಾರಿನವರು ಮೇಲೆ, ನಾವು ಕೆಳಗೆ. ಇದರಿಂದ ನಮಗೇನೂ ನಷ್ಟವಾಗಿಲ್ಲ ಎನ್ನುವವನು ನಾನು. ಹೊಸೂರು ರಸ್ತೆಯಲ್ಲಿ ನಿಂತು ನಿಂತು ಚಂದಾಪುರ ಸರ್ಕಲ್ಲಿಗೆ ಬರುವಷ್ಟರಲ್ಲಿ ಅಕ್ಕಪಕ್ಕದವರನ್ನು ಬೇಕಾದಷ್ಟು ಗಮನಿಸಬಹುದು. ಮುಖ ಹೆಲ್ಮೆಟ್ಟಿನೊಳಗಿರುತ್ತದೆ, ಮೈ ರೈನ್‌ಕೋಟಿನೊಳಗೆ ಅಥವಾ ಕಂಪನಿಯ ಯೂನಿಫಾರ್ಮಿನೊಳಗೆ. ಬಯಲಲ್ಲಿ ಉಳಿಯುವುದು ಎರಡು ಕೈ, ಆ ಕೈಗಳು ಹಿಡಿದಿರುವ ಎರಡು ಗ್ರಿಪ್ಪು.

ಬೊಮ್ಮಸಂದ್ರದಲ್ಲಿ ಶಿಫ್ಟ್ ಬಿಟ್ಟ ಹೊತ್ತಿಗೆ ನೋಡಬೇಕು. ಹಳೆಯ ಗಾಡಿಗಳಲ್ಲಿ ಬಲಗಡೆಯ ಗ್ರಿಪ್ ಬೋಳಾಗಿ ಹೊಳೆಯುತ್ತಿರುತ್ತದೆ, ಎಡಗಡೆಯದರಲ್ಲಿ ಕಂಪನಿಯ ಗೆರೆ, ಚುಕ್ಕಿ ಎಲ್ಲ ಇನ್ನೂ ಇರುತ್ತವೆ. ಈ ಟ್ರಾಫಿಕ್ಕಿನಲ್ಲಿ ಎಡಗೈಗೆ ಕೆಲಸವೇನು ಕಡಿಮೆಯಲ್ಲ, ಆದರೆ ಅದರ ಜಗಳವೆಲ್ಲ ಕ್ಲಚ್ ಲಿವರಿನ ಜೊತೆಗೆ. ರಬ್ಬರನ್ನು ತಿರುಚುವ ಕೈ ಬಲಗೈ. ಬೋಳಾದದ್ದಕ್ಕೆ ಜನ ಮಾಡಿಕೊಂಡ ಉಪಾಯಗಳೋ, ಒಂದೊಂದೂ ಒಂದೊಂದು ಚಂದ. ಒಬ್ಬರದು ರೆಕ್ಸಿನ್ ಕವರು. ಇನ್ನೊಬ್ಬರದು ಮನೆಯಲ್ಲೇ ಹೆಣೆದ ಉಲ್ಲನ್ ಚೀಲ, ಕೆಂಪು ಮುಗಿದುಹೋಗಿ ಅರ್ಧದಿಂದ ಹಸಿರು ದಾರ. ಆನೇಕಲ್ ರಸ್ತೆ ಕಡೆಯಿಂದ ಬರುವ ಹಾಲಿನವರೊಬ್ಬರು ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಬಿಗಿಯಾಗಿ ಸುತ್ತಿಕೊಂಡಿದ್ದಾರೆ. ಟ್ಯೂಬಿಗೆ ಯಾವಾಗಲೋ ಹಾಕಿದ್ದ ಪಂಕ್ಚರ್ ಪ್ಯಾಚು ಸರಿಯಾಗಿ ಹೆಬ್ಬೆರಳಿನ ಕೆಳಗೇ ಬಂದಿದೆ. ಬೇಕೆಂದೇ ಹಾಗೆ ಸುತ್ತಿದ್ದಾರೇನೋ, ಕೇಳುವಷ್ಟರಲ್ಲಿ ಸಿಗ್ನಲ್ ಬಿಟ್ಟಿತು.

ನನ್ನದು ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ ಗಾಡಿ. ಐಡಿಯಲ್ ಜಾವಾ ಕಾರ್ಖಾನೆ ಅಲ್ಲಿ 1961ರಲ್ಲಿ ಶುರುವಾಗಿ, ಮೊದಲು ಜಾವಾ ಹೆಸರಿನಲ್ಲಿ, ಆಮೇಲೆ ಯೆಜ್ಡಿ ಹೆಸರಿನಲ್ಲಿ ಬೈಕು ಮಾಡಿ 1996ರಲ್ಲಿ ಬಾಗಿಲು ಹಾಕಿತು. ಕಿಕ್ಕರ್ ಮತ್ತು ಗೇರು ಎರಡಕ್ಕೂ ಒಂದೇ ಲಿವರ್ ಇಟ್ಟ ಪುಣ್ಯಾತ್ಮರು ಅವರು. ಹೊಸ ಹುಡುಗರ ಕೈಗೆ ಗಾಡಿ ಕೊಟ್ಟರೆ ಕಿಕ್ಕರ್ ಹುಡುಕುವುದರಲ್ಲೇ ಅವರ ಉತ್ಸಾಹ ಇಳಿದುಹೋಗುತ್ತದೆ, ಹಾಗಾಗಿ ಯಾರೂ ಎರಡನೇ ಸಲ ಸಾಲ ಕೇಳುವುದಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನವೆಂದು ಇಂಥ ಗಾಡಿಗಳನ್ನೆಲ್ಲ ಒಂದೆಡೆ ಸೇರಿಸುತ್ತಾರೆ. ಅಲ್ಲಿ ಟ್ಯಾಂಕಿನ ಬಣ್ಣ, ಸೈಲೆನ್ಸರಿನ ಹೊಳಪು, ಹಾರ್ನಿನ ಅಸಲಿತನ ಇವುಗಳ ಮೇಲೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಕೈ ಜೋಮು ಹಿಡಿಯುತ್ತದೆಯೇ ಎಂದು ಮಾತ್ರ ಯಾರೂ ಯಾರನ್ನೂ ಕೇಳುವುದಿಲ್ಲ. ಎಲ್ಲರಿಗೂ ಹಿಡಿಯುತ್ತದೆ.

ಕಾರಣ ಗುಟ್ಟಿನದೇನಲ್ಲ. ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಇಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಸೆಕೆಂಡಿಗೆ 67 ಸುತ್ತು, ಸುತ್ತಿಗೊಂದು ಸಿಡಿತ. ಅಷ್ಟೂ ಸಣ್ಣ ನಡುಕವಾಗಿ ಹ್ಯಾಂಡಲ್ಲಿನ ಕೊಳವೆ ಹತ್ತಿ ಅಂಗೈಗೆ ಬರುತ್ತದೆ. ಬುಲೆಟ್ಟಿನವರು ನಮ್ಮನ್ನು ನೋಡಿ ನಗುವುದು ಅದಕ್ಕೇ. ಅವರದು ಫೋರ್ ಸ್ಟ್ರೋಕ್, ಎರಡು ಸುತ್ತಿಗೆ ಒಂದು ಸಿಡಿತ. 3000ದಲ್ಲಿ ಓಡಿದರೆ ಸೆಕೆಂಡಿಗೆ 25. ಅದು ನಡುಗಿಸುವುದಿಲ್ಲ, ಗುದ್ದುತ್ತದೆ. ಗುದ್ದು ತಿಂದವನಿಗೆ ತಿಂದೆ ಎಂದು ಗೊತ್ತಾಗುತ್ತದೆ, ಸಣ್ಣ ನಡುಕ ಗೊತ್ತಾಗುವುದು ಮನೆಗೆ ಬಂದು ಕಾಫಿ ಲೋಟ ಹಿಡಿದಾಗ.

ನಡುಕದಿಂದ ಕೈ ಕೆಡುತ್ತದೆ ಎಂಬುದನ್ನು ಮೊದಲು ಕಂಡುಕೊಂಡದ್ದು ಬೈಕಿನವರಿಂದಲ್ಲ, ಕಲ್ಲು ಕೆಲಸದವರಿಂದ. ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲಿ ಇಂಡಿಯಾನಾದ ಬೆಡ್‌ಫರ್ಡಿನ ಸುಣ್ಣಕಲ್ಲಿನ ಕಾರ್ಮಿಕರನ್ನು ಪರೀಕ್ಷಿಸಿದಾಗ, ಗಾಳಿಯ ಒತ್ತಡದ ಸುತ್ತಿಗೆ ಹಿಡಿದವರ ಬೆರಳುಗಳು ಚಳಿಯಲ್ಲಿ ಬೆಳ್ಳಗಾಗಿ ಮರಗಟ್ಟುತ್ತಿದ್ದವು. ನಮ್ಮ ಪಕ್ಕದ ಜಿಗಣಿಯಲ್ಲಿ ಗ್ರಾನೈಟ್ ಕೊಯ್ಯುವ ಕಾರ್ಖಾನೆಗಳಿವೆ. ಅಲ್ಲಿ ದಿನವಿಡೀ ಮಷಿನ್ ಹಿಡಿದು ಸಂಜೆ ಹಳೆ ಬೈಕಿನಲ್ಲಿ ಮನೆಗೆ ಹೋಗುವವನ ಕೈಗೆ ಬಿಡುವು ಯಾವಾಗ ಎಂದು ಒಮ್ಮೊಮ್ಮೆ ಯೋಚನೆಯಾಗುತ್ತದೆ. ಅವರಿಗೆ ಹೋಲಿಸಿದರೆ ನನ್ನ ಜೋಮು ಹವ್ಯಾಸದ್ದು. ಆದರೂ ಯಾವ ಬೆರಳಿಗೆ ಹಿಡಿಯುತ್ತದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಕಿರುಬೆರಳು, ಉಂಗುರದ ಬೆರಳಾದರೆ ಅಂಗೈಯ ಹೊರ ಅಂಚಿನ ನರದ ಮೇಲೆ ಭಾರ ಬೀಳುತ್ತಿದೆ ಎಂದರ್ಥ. ಹೆಬ್ಬೆರಳು, ತೋರುಬೆರಳು, ನಡುಬೆರಳಾದರೆ ಮಣಿಕಟ್ಟಿನ ನಡುವಿನ ನರ. ಗಾಡಿ ಬಿಟ್ಟ ಮೇಲೂ ಇಳಿಯದಿದ್ದರೆ ಹೋಗಬೇಕಾದದ್ದು ಡಾಕ್ಟರ ಬಳಿಗೆ, ಸ್ಪೇರ್ ಪಾರ್ಟ್ಸ್ ಅಂಗಡಿಗಲ್ಲ.

ನಾವು ಹೋದದ್ದು ಅಂಗಡಿಗೇ. ನಾವು ಎಂದರೆ ನಾನು ಮತ್ತು ಸೂರ್ಯ ನಗರದ ರಾಯರು. ರಾಯರು ಟೂಲ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮನೆಯಿಂದ ಹೊರಡುವಾಗ ಕನ್ನಡಕ ಮರೆತರೂ ವರ್ನಿಯರ್ ಕ್ಯಾಲಿಪರ್ ಮರೆಯುವುದಿಲ್ಲ.

"ಒಳಗಿನ ಅಳತೆ ಎಷ್ಟು?" ಎಂದರು ಅಂಗಡಿಯವನಿಗೆ.

"ಎಲ್ಲಾ ಗಾಡಿಗೂ ಆಗುತ್ತೆ ಸಾರ್."

"ಹ್ಯಾಂಡಲ್ಲು 22 ಮಿಲಿಮೀಟರು. ಬಲಗಡೆ ಆಕ್ಸಿಲರೇಟರ್ ಕೊಳವೆ ಅದಕ್ಕಿಂತ ದಪ್ಪ. ಎರಡಕ್ಕೂ ಒಂದೇ ಹೇಗಪ್ಪ ಆಗುತ್ತೆ?"

"ರಬ್ಬರ್ ಅಲ್ವಾ ಸಾರ್, ಎಳುದ್ರೆ ಬರುತ್ತೆ."

ಜೀವಮಾನವಿಡೀ ಮೈಕ್ರಾನ್ ಲೆಕ್ಕದಲ್ಲಿ ಬದುಕಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಆಘಾತ ಬೇಕಿರಲಿಲ್ಲ. ಕೂತುಕೊಳ್ಳಲು ಸ್ಟೂಲ್ ಕೇಳಿದರು.

ಅಂಗಡಿಯ ಗೋಡೆ ತುಂಬ ಗ್ರಿಪ್ಪುಗಳು. ನೀಲಿ, ಕೇಸರಿ, ಗಿಳಿಹಸಿರು, ತುದಿಗೆ ಅಲ್ಯೂಮಿನಿಯಂ ಬಿಲ್ಲೆ ಇರುವುದು, ಮುಳ್ಳು ಮುಳ್ಳಾಗಿರುವುದು, ತಲೆಬುರುಡೆ ಕೆತ್ತಿರುವುದು. ಕಣ್ಣಿಗೆ ಮಾರಲೆಂದು ಮಾಡಿದವು. ಚರ್ಮಕ್ಕೆ ತಾಗುವ ವಸ್ತುವನ್ನು ನಾಲ್ಕು ಅಡಿ ದೂರದಿಂದ ಬಣ್ಣ ನೋಡಿ ಆರಿಸುವ ಪದ್ಧತಿ ಯಾರು ತಂದರೋ. ಚಪ್ಪಲಿಯನ್ನಾದರೂ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಲು ಬಿಡುತ್ತಾರೆ. ಇಲ್ಲಿ ಪ್ಲಾಸ್ಟಿಕ್ ಕವರಿನ ಹೊರಗಿನಿಂದ ಹಿಸುಕಿ ನೋಡಿದರೆ "ಓಪನ್ ಮಾಡ್ಬೇಡಿ ಸಾರ್" ಎನ್ನುತ್ತಾನೆ.

ಹುಡುಗ ಮೊದಲು ತೆಗೆದುಕೊಟ್ಟದ್ದು ಫೋಮ್. ಹಿಡಿದರೆ ನಿಜಕ್ಕೂ ಸುಖ. ಆದರೆ ಅತ್ತಿಬೆಲೆ ಕಡೆಯಿಂದ ಸಂಜೆಯ ಮಳೆ ಎದ್ದು ಬಂದ ದಿನ ಅದು ನೀರು ಕುಡಿದು ಕೂರುತ್ತದೆ. ಮಾರನೆಯ ಬೆಳಿಗ್ಗೆ ಆಕ್ಸಿಲರೇಟರ್ ಕೊಟ್ಟರೆ ನೀರು ಮೊಳಕೈವರೆಗೆ ಇಳಿಯುತ್ತದೆ. ಬಿಸಿಲಿಗೆ ಪುಡಿಪುಡಿಯಾಗಿ ಉದುರುವುದು ಬೇರೆ. ಹೊಳೆಯುವ ಮೆತ್ತನೆ ಪಿವಿಸಿಯದು ಇನ್ನೊಂದು ಕಥೆ: ಮೆತ್ತಗಾಗಲು ಬೆರೆಸಿದ ಎಣ್ಣೆಯಂಥ ಪದಾರ್ಥ ಕಾಲಕ್ರಮೇಣ ಹೊರಗೆ ಬಂದು ಕೈಗೆ ಅಂಟತೊಡಗುತ್ತದೆ. ಆಫೀಸಿಗೆ ಹೋಗಿ ಯಾರಿಗಾದರೂ ಕೈ ಕುಲುಕಿದರೆ ಅವರು ತಮ್ಮ ಅಂಗೈ ನೋಡಿಕೊಳ್ಳುತ್ತಾರೆ. ಒಳಗೆ ಜೆಲ್ ಪದರವಿರುವವು ಚೆನ್ನಾಗಿವೆ, ಆದರೆ ದಪ್ಪ.

ದಪ್ಪದ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಮೆತ್ತಗೆ, ದಪ್ಪಗೆ ಇದ್ದಷ್ಟೂ ಆರಾಮ ಎಂದು ಎಲ್ಲರೂ ತಿಳಿದಿದ್ದಾರೆ. ಬೆರಳು ಉದ್ದವಿದ್ದವರಿಗೆ ಸರಿ. ಚಿಕ್ಕ ಕೈಯವರು ದಪ್ಪ ಗ್ರಿಪ್ ಹಾಕಿಸಿದರೆ ಅಂಗೈ ಹಿಂದಕ್ಕೆ ಸರಿದು ಕ್ಲಚ್ ಲಿವರ್ ದೂರವಾಗುತ್ತದೆ. ಬೆರಳು ಎಟುಕಿಸಲು ಹೋಗಿ ಮುಂಗೈ ಬಿಗಿಯುತ್ತದೆ, ಬಿಗಿದಷ್ಟೂ ನಡುಕ ಸಲೀಸಾಗಿ ಮೇಲೇರುತ್ತದೆ. ತೀರಾ ಮೆತ್ತಗಿದ್ದರೂ ಅಷ್ಟೇ, ಜಾರುತ್ತದೆಂದು ಗಟ್ಟಿಯಾಗಿ ಹಿಡಿಯುತ್ತೇವೆ. ಕೊನೆಗೆ ನಾನು ಆರಿಸಿದ್ದು ಮೂಲೆಯಲ್ಲಿ ಧೂಳು ಹಿಡಿದಿದ್ದ ಕಪ್ಪು ರಬ್ಬರಿನದು. ಅಡ್ಡ ಗೆರೆ, ನಡುವೆ ಒಂಚೂರು ಉಬ್ಬು, ಉಗುರು ಒತ್ತಿದರೆ ಗುರುತು ಮೂಡಿ ನಿಧಾನವಾಗಿ ಮಾಯವಾಗುವಷ್ಟು ಮೆತ್ತಗೆ. ರಾಯರು ಅಳೆದು ತಲೆಯಾಡಿಸಿದರು. ಅಂಗಡಿಯವನಿಗೆ ನಮ್ಮಿಬ್ಬರ ಅಭಿರುಚಿಯ ಬಗ್ಗೆ ಕನಿಕರ ಹುಟ್ಟಿದ್ದು ಮುಖದಲ್ಲೇ ಕಾಣುತ್ತಿತ್ತು.

ಮೆಕ್ಯಾನಿಕ್ ಅದನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. ಮೊದಲು ಸ್ಪ್ಯಾನರ್ ತಗೊಂಡು ಇಂಜಿನ್ ಕೂರಿಸಿದ ಬೋಲ್ಟುಗಳನ್ನು ನೋಡಿದ. ಒಂದು ಮುಕ್ಕಾಲು ಸುತ್ತು ತಿರುಗಿತು. "ಅರ್ಧ ನಡುಕ ಇಲ್ಲೇ ಐತೆ ಸಾರ್. ಇದ್ ಬಿಟ್ಟು ಜನ ಗ್ರಿಪ್ ಮೇಲೆ ಗ್ರಿಪ್ ಹಾಕುಸ್ತಾರೆ." ಆಮೇಲೆ ಬ್ಲೇಡಿನಿಂದ ಹಳೆಯದನ್ನು ಉದ್ದಕ್ಕೆ ಸೀಳಿ ಕಿತ್ತ. ಹೊಸದನ್ನು ಕೂರಿಸುವುದರಲ್ಲಿ ಪ್ರತಿ ಗ್ಯಾರೇಜಿಗೂ ಒಂದೊಂದು ಸಂಪ್ರದಾಯ. ಸೋಪಿನ ನೀರು ಕೆಲವರದು, ಅದು ಆರುವ ತನಕ ಗ್ರಿಪ್ ಗಿರಗಿರ ತಿರುಗುತ್ತದೆ. ಹೇರ್ ಸ್ಪ್ರೇ ಹೊಡೆಯುವವರು ಇದ್ದಾರೆ, ಒಣಗಿದರೆ ಅಂಟುತ್ತದಂತೆ. ಎಣ್ಣೆ, ಗ್ರೀಸು ಮಾತ್ರ ಸವರಬಾರದು. ಹತ್ತುವಾಗ ಸುಲಭವಾಗಿ ಹತ್ತಿದ್ದು ಲಾರಿಯ ಪಕ್ಕದಲ್ಲಿ ಅಷ್ಟೇ ಸುಲಭವಾಗಿ ಕೈಗೆ ಬರುತ್ತದೆ. ನಮ್ಮವನು ಗಾಡಿಯನ್ನು ಪಕ್ಕದ ಪಂಕ್ಚರ್ ಅಂಗಡಿಗೆ ತಳ್ಳಿದ. ರಬ್ಬರಿನ ಅಂಚಿಗೆ ಗಾಳಿ ಪೈಪಿನ ಮೂತಿ ತೂರಿಸಿ ಒತ್ತಿದರೆ ಗ್ರಿಪ್ ಉಬ್ಬಿ, ಗಾಳಿಯ ಮೇಲೆ ತೇಲಿಕೊಂಡು ಒಳಗೆ ಹೋಯಿತು. ಪೈಪ್ ತೆಗೆದದ್ದೇ ಕಚ್ಚಿ ಹಿಡಿಯಿತು. ಬಲಗಡೆ ಒಳತುದಿಯಲ್ಲಿ ಎರಡು ಮಿಲಿಮೀಟರ್ ಜಾಗ ಬಿಟ್ಟ. ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಎರಡೂ ಕಡೆ ಆಕ್ಸಿಲರೇಟರ್ ಕೊಟ್ಟು ಬಿಟ್ಟು ನೋಡಿದ, ಟಕ್ಕೆಂದು ವಾಪಸು ಬಂತು. ಗ್ರಿಪ್ ಎಲ್ಲಿಯೋ ಉಜ್ಜಿ ರೇಸ್ ಹಾಗೇ ನಿಂತುಬಿಟ್ಟರೆ ಆರಾಮದ ಮಾತೇ ಬರುವುದಿಲ್ಲವಲ್ಲ.

ಎಡಗಡೆಯದು ಹಾಗೇ ಉಳಿಯಿತು. ಹಳೆಯದೇ ಚೆನ್ನಾಗಿತ್ತು, ಕೀಳಲು ನನಗೆ ಮನಸ್ಸು ಬರಲಿಲ್ಲ. ಈ ವ್ಯಾಪಾರದ ವಿಚಿತ್ರ ಇದು: ಸವೆಯುವುದು ಬಲಗಡೆಯದು, ಮಾರುವುದು ಜೋಡಿ. ಎಡಗಡೆಯದರ ತೂತು ಚಿಕ್ಕದು, ಬಲಕ್ಕೆ ಹತ್ತುವುದಿಲ್ಲ. ಹಳೆ ಗಾಡಿ ಇಟ್ಟವರ ಮನೆಯ ಡ್ರಾಯರಿನಲ್ಲಿ ಕೈ ಹಾಕಿದರೆ ಹೊಚ್ಚ ಹೊಸ ಎಡಗೈ ಗ್ರಿಪ್ಪು ಸಿಗದೇ ಇರುವುದಿಲ್ಲ. ಎಲ್ಲವನ್ನೂ ಕಟ್ಟಿಕೊಂಡು ಅಂಗಡಿಗೆ ಹೋಗಿ, ಮೂರು ಎಡಕ್ಕೆ ಒಂದು ಬಲ ಕೊಡುತ್ತೀಯೇನಪ್ಪ ಎಂದು ಕೇಳಬೇಕೆಂದು ರಾಯರ ಯೋಜನೆ.

"ನಿಮಗೆ ಬೇಡಾಂದ್ರೆ ಇಲ್ಲೇ ಬಿಟ್ಹೋಗಿ ಸಾರ್," ಎಂದ ಮೆಕ್ಯಾನಿಕ್. ಗ್ಯಾರೇಜಿನ ಎದುರಿಗೆ ಟೊಮೇಟೊ ಗಾಡಿ ನಿಂತಿತ್ತು. ತಳ್ಳುವ ಹಿಡಿಯ ಎರಡೂ ತುದಿಗೆ ಗ್ರಿಪ್ಪು, ಒಂದು ಸ್ಪ್ಲೆಂಡರಿನದು, ಒಂದು ಆರ್‌ಎಕ್ಸ್ ಹಂಡ್ರೆಡ್ಡಿನದು, ಎರಡೂ ಎಡಗೈವು. ಹೇಗಿದೆ ಎಂದು ಗಾಡಿಯಾಕೆಯನ್ನು ಕೇಳಿದೆ. "ಕಬ್ಬಿಣ ಬಿಸಿಲ್ಗೆ ಸುಡ್ತಿತ್ತು, ಈಗಿಲ್ಲ" ಎಂದು ತಕ್ಕಡಿ ಎತ್ತಿಕೊಂಡು, "ಎಷ್ಟ್ ಹಾಕ್ಲಿ?" ಅಂದಳು. ಅರ್ಧ ಕೆಜಿ ಎಂದೆ. ರಾಯರು ಅಷ್ಟರಲ್ಲಿ ವರ್ನಿಯರ್ ತೆಗೆದು ಆಕೆಯ ಗಾಡಿಯ ಪೈಪ್ ಅಳೆಯುತ್ತಿದ್ದರು.