ಹಾಜರಿ ಆ್ಯಪ್ ಮಹಾಶಯರಲ್ಲಿ ಒಂದು ಬಿನ್ನಹ

ಉದ್ಯೋಗ ಖಾತ್ರಿಯ ಹಾಜರಿ ಆ್ಯಪ್ ಮಹಾಶಯರ ಸನ್ನಿಧಾನಕ್ಕೆ,

ಬೀದರ್ ಜಿಲ್ಲೆಯ ಔರಾದ್, ಭಾಲ್ಕಿ ಸೀಮೆಯ ಕೂಲಿಕಾರರ ಪರವಾಗಿ ಸಾಷ್ಟಾಂಗ ನಮಸ್ಕಾರಗಳು. 2005ರ ಕಾಯ್ದೆ ನಮಗೆ ವರ್ಷಕ್ಕೆ 100 ದಿನದ ಕೆಲಸ ಕೊಟ್ಟಿತು. ಆ ಕೆಲಸಕ್ಕೆ ಸಾಕ್ಷಿಯಾಗಲು 2023ರ ಜನವರಿಯಿಂದ ತಾವು ಕಡ್ಡಾಯವಾಗಿ ದಯಮಾಡಿಸಿದಿರಿ. ದಿನಕ್ಕೆ ಎರಡು ಸಲ ನಮ್ಮ ಮುಖ ನೋಡುವಷ್ಟು ಅಕ್ಕರೆ ಹೆತ್ತವರಿಗೂ ಇರಲಿಲ್ಲ.

ಬೇಸಿಗೆಯಲ್ಲಿ ಬಿಸಿಲೇರುವ ಮುನ್ನವೇ ಕೆರೆಯ ಹೂಳೆತ್ತಿ, ಅಳತೆಯ ಗುಂಡಿ ಮುಗಿಸಿ, ಸಲಿಕೆ ತೊಳೆದು ಕೂರುತ್ತೇವೆ. ಮನೆಗೆ ಹೋಗುವಂತಿಲ್ಲ, ತಮ್ಮ ಎರಡನೆಯ ಫೋಟೊದ ಹೊತ್ತಾಗಬೇಕು. ನೆಟ್‌ವರ್ಕ್ ಸಿಗದಿದ್ದರೆ ಹಾಜರಿ ತೆಗೆಯುವ ಕಾಯಕ ಬಂಧು ಮೊಬೈಲ್ ಎತ್ತಿ ಹಿಡಿದು ದಿಬ್ಬ ಹತ್ತುತ್ತಾರೆ. ಬಸವಣ್ಣನ ಕರ್ಮಭೂಮಿಯವರಿಗೆ ಕಾಯಕದ ಪಾಠ ತಮ್ಮಿಂದಲೇ ಆಗಬೇಕಿತ್ತು.

ತಮ್ಮ ಔದಾರ್ಯಕ್ಕೂ ಋಣಿಗಳು. ಫೋಟೊದ ಫೋಟೊ ತೆಗೆದು, ಸಂಬಂಧವಿಲ್ಲದ ಚಿತ್ರ ಹಾಕಿ ಹಾಜರಿ ತುಂಬಲಾಗುತ್ತಿದೆ ಎಂದು 2025ರ ಜುಲೈನಲ್ಲಿ ಕೇಂದ್ರ ಸಚಿವಾಲಯವೇ ಹೇಳಿತು. ಗುದ್ದಲಿ ಮುಟ್ಟದವರನ್ನು ಹಾಜರು ಮಾಡಿಕೊಂಡ ತಾವು, ಬೆವರು ಸುರಿಸಿದವರನ್ನು ‘ಅಪ್‌ಲೋಡ್ ಆಗಿಲ್ಲ’ ಎಂದು ಮನೆಗೆ ಕಳಿಸಿದಿರಿ.

ತಮ್ಮ ಅಣ್ಣನವರಾದ ಆಧಾರ್ ಪಾವತಿಗೂ ವಂದನೆ. ಅವರು 2024ರ ಜನವರಿಯಿಂದ ಕಡ್ಡಾಯ. ಜಾಬ್ ಕಾರ್ಡಿನಲ್ಲಿ ‘ಬಾಯಿ’, ಆಧಾರಿನಲ್ಲಿ ‘ಅಮ್ಮ’ ಎಂದಿದ್ದರೆ ಆ ಹೆಂಗಸಿನ ಕೂಲಿ ತೂಗುಯ್ಯಾಲೆ ಆಡುತ್ತದೆ. ಸರಿಮಾಡಿಸಲು ಬೀದರಿಗೆ ಬರುವ ಬಸ್ಸು ಶಕ್ತಿ ಯೋಜನೆಯಲ್ಲಿ ಪುಕ್ಕಟೆ. ಆ ದಿನ ತಪ್ಪಿದ ಕೂಲಿ (2025–26ರಲ್ಲಿ 370 ರೂಪಾಯಿ) ಮಾತ್ರ ಪುಕ್ಕಟೆಯಲ್ಲ.

ಕೆಲವರು ತಮ್ಮ ದರ್ಶನಭಾಗ್ಯ ಬೇಡವೆಂದು ಹೈದರಾಬಾದಿಗೆ, ಪುಣೆಗೆ ಗುಳೆ ಹೋಗಿದ್ದಾರೆ. ಅಲ್ಲಿ ಮೇಸ್ತ್ರಿ ತಲೆ ಎಣಿಸಿ ಸಂಜೆಗೇ ದುಡ್ಡು ಕೊಡುತ್ತಾನಂತೆ. ತಂತ್ರಜ್ಞಾನದಲ್ಲಿ ಎಷ್ಟು ಹಿಂದುಳಿದ ಊರುಗಳು ನೋಡಿ!

2025ರ ಡಿಸೆಂಬರಿನ ಹೊಸ ಕಾಯ್ದೆ 100 ದಿನವನ್ನು 125 ಮಾಡಿದೆ. ಹಾಗಾಗಿ ಒಂದು ವಿನಮ್ರ ಕೋರಿಕೆ. ನಮ್ಮ ಹಾಜರಿ ಸಾಕಷ್ಟು ತೆಗೆದುಕೊಂಡಿರಿ, ಇನ್ನು ಕೂಲಿಯ ಹಾಜರಿಯನ್ನೂ ತೆಗೆದುಕೊಳ್ಳಿ. ಹದಿನೈದು ದಿನದೊಳಗೆ ಹಣ ಖಾತೆಗೆ ಬಾರದಿದ್ದರೆ, ಹದಿನಾರನೆಯ ಬೆಳಿಗ್ಗೆ ಕಡತ ಹಿಡಿದು ಕುಳಿತವರ ಫೋಟೊ ಒಂದು, ಮಧ್ಯಾಹ್ನ ಇನ್ನೊಂದು. ಅಪ್‌ಲೋಡ್ ಆಗದಿದ್ದರೆ ಅವರಿಗೂ ಆ ದಿನದ ಸಂಬಳ ಬೇಡ.

ತಮ್ಮ ವಿಧೇಯ,
ಮಸ್ಟರ್ ರೋಲಿನಲ್ಲಿ ಹೆಸರಿದ್ದೂ ಗೈರುಹಾಜರಾದವನು