ಹತ್ತಕ್ಕೆ ಎಳ್ಳುನೀರು, ಹನ್ನೊಂದಕ್ಕೆ ಆರತಿ

ಇವರಿಗೆ,
ಮಾನ್ಯ ಅಧ್ಯಕ್ಷರು ಹಾಗೂ ಸರ್ವ ಸದಸ್ಯರು,
ಕಂಪ್ಯೂಟರ್ ಉನ್ನತೀಕರಣ ಸಮಿತಿ,
ಧಾರವಾಡ.

ವಿಷಯ: ವಿಂಡೋಸ್ 10 ಅನ್ನು ಸಕಾಲದಲ್ಲಿ ಬೀಳ್ಕೊಟ್ಟಿದ್ದಕ್ಕೆ ತಮ್ಮನ್ನು ಅಭಿನಂದಿಸುವ ಕುರಿತು.

ಮಾನ್ಯರೇ,

ತಮ್ಮ ಕ್ಯಾಂಪಸ್ಸಿನ ಕಂಪ್ಯೂಟರ್ ಲ್ಯಾಬಿನಲ್ಲಿ ಹೊರಗುತ್ತಿಗೆ ಮೇಲೆ ದುಡಿಯುವ ಸಹಾಯಕ ನಾನು. ಹೆಸರು ಬರೆಯುವುದಿಲ್ಲ, ಕರಾರು ನವೀಕರಣದ ಕಡತ ತಮ್ಮ ಟೇಬಲ್ ಮೇಲೇ ಇದೆ. ಕ್ಯಾಂಪಸ್ಸಿನ ಹೆಸರನ್ನೂ ಬರೆಯುವುದಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಕ್ಯಾಂಪಸ್ಸುಗಳಿಗೇನು ಬರ? 1917ರ ಕರ್ನಾಟಕ ಕಾಲೇಜಿನಿಂದ ಹಿಡಿದು 2016ರ ಐಐಟಿಯವರೆಗೆ ಸಾಲುಗಟ್ಟಿ ನಿಂತಿವೆ. ನಮ್ಮದು ಆ ಎರಡೂ ಅಲ್ಲ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ.

ತಮ್ಮ ಸುತ್ತೋಲೆ ಓದಿ ಎದೆ ತುಂಬಿ ಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಮುಗಿಯುವುದರಿಂದ ಅಂದಿನಿಂದ ಹಳೆಯ ಕಂಪ್ಯೂಟರುಗಳೆಲ್ಲ ನಿರುಪಯುಕ್ತ ಎಂದು ತಾವು ಅಪ್ಪಣೆ ಮಾಡಿದ್ದಿರಿ. ಆದರೆ ಮರುದಿನ ಬುಧವಾರ ಬೆಳಗ್ಗೆ ಲ್ಯಾಬ್ ಬಾಗಿಲು ತೆಗೆದು ಗುಂಡಿ ಒತ್ತಿದರೆ ಅಷ್ಟೂ ಮಷೀನುಗಳು ಎಂದಿನಂತೆ ಗುರ್ ಅಂದು ಚಾಲೂ ಆದವು. ಸುತ್ತೋಲೆಯ ಪ್ರತಿ ಅವುಗಳಿಗೆ ತಲುಪಿರಲಿಲ್ಲ ಅಂತ ಕಾಣಿಸುತ್ತದೆ. ಈ ಅವಿಧೇಯತೆಗೆ ನೋಟಿಸ್ ಕೊಡುವುದಾದರೆ ಕಂಪ್ಯೂಟರಿಗೆ ಕೊಡಬೇಕೋ ನನಗೋ ಎಂಬುದನ್ನು ಸಮಿತಿ ತೀರ್ಮಾನಿಸಲಿ.

ಅಂದು ನಿಂತಿದ್ದು ಮಷೀನಲ್ಲ. ಮೈಕ್ರೋಸಾಫ್ಟಿನವರು ತಿಂಗಳಿಗೊಮ್ಮೆ ಪುಕ್ಕಟೆ ಕಳಿಸುತ್ತಿದ್ದ ಭದ್ರತಾ ಅಪ್‌ಡೇಟು ನಿಂತಿತು. ಅಪಾಯವೇ ಇಲ್ಲ ಅಂತ ನಾನು ವಾದ ಮಾಡುವುದಿಲ್ಲ. ಹೊಸ ತೂತು ಕಂಡರೆ ಮುಚ್ಚುವವರಿಲ್ಲ. ದಿನ ಹೋದಂತೆ ಗಂಡಾಂತರ ಹೆಚ್ಚುತ್ತದೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿತ್ತು. ಆದರೆ ಅದನ್ನು ತಡೆಯುವ ಅಪ್‌ಡೇಟು ಎರಡು ತಿಂಗಳು ಮೊದಲೇ, ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಕೆಟ್ಟರು.

ಇಲ್ಲಿ ತಮ್ಮ ಇನ್ನೊಂದು ಸುತ್ತೋಲೆಯನ್ನು ನೆನಪಿಸಬೇಕಾಗಿದೆ. ಆನ್‌ಲೈನ್ ಸಭೆಗಳಿಗೆ ನೆಟ್ ಸಾಲುವುದಿಲ್ಲವೆಂದು ಲ್ಯಾಬಿನ ಎಲ್ಲ ಮಷೀನುಗಳ ಅಪ್‌ಡೇಟು ಬಂದ್ ಮಾಡಿಸಿದವರು ತಾವೇ. ಅಂದರೆ ವರ್ಷಾನುಗಟ್ಟಲೆ ನಾವು ತೆಗೆದುಕೊಳ್ಳದೇ ಇದ್ದದ್ದು ಇನ್ನು ಸಿಗುವುದಿಲ್ಲವೆಂದು ಈಗ ಸೂತಕ ಹಿಡಿದಿದ್ದೇವೆ. ಇಂಥ ದುಃಖ ಧಾರವಾಡದಲ್ಲಷ್ಟೇ ಸಾಧ್ಯ ಅನ್ನಲಾರೆ, ಆದರೆ ಇಷ್ಟು ಶಿಸ್ತಿನಿಂದ ಬೇರೆಲ್ಲೂ ನಡೆದಿರಲಿಕ್ಕಿಲ್ಲ.

ಅಕ್ಟೋಬರ್ 1ರಂದು ಖಂಡೇ ಪೂಜೆಗೆ ಇವೇ ಮಷೀನುಗಳಿಗೆ ತಾವು ವಿಭೂತಿ ಹಚ್ಚಿ, ಕುಂಕುಮವಿಟ್ಟು, ಸಿಪಿಯು ಮೇಲೆ ಚೆಂಡುಹೂ ಏರಿಸಿದಿರಿ. ಮರುದಿನ ಬನ್ನಿ ಕೊಟ್ಟು ‘ಬಂಗಾರದಂಗ ಇರೂಣು’ ಅಂದಿರಿ. ಬಂಗಾರ ಎರಡೇ ವಾರಕ್ಕೆ ಗುಜರಿಯಾಯಿತು. ಕುಂಕುಮದ ಕಲೆ ಇನ್ನೂ ಮಾನಿಟರುಗಳ ಮೇಲಿದೆ. ಒರೆಸೋಣವೆಂದರೆ ಒದ್ದೆ ಬಟ್ಟೆಯ ಬೇಡಿಕೆ ಪತ್ರಕ್ಕೆ ಸಹಿಯಾಗಿಲ್ಲ.

ಮೋಸ ಹೋದವರು ತಾವೊಬ್ಬರೇ ಅಲ್ಲ. 2015ರಲ್ಲಿ ಇದೇ ಹತ್ತು ಬರುವ ಹೊತ್ತಿಗೆ ಮೈಕ್ರೋಸಾಫ್ಟಿನ ನೌಕರರೊಬ್ಬರು ವೇದಿಕೆ ಮೇಲೆ ನಿಂತು, ಇದೇ ಕೊನೆಯ ವಿಂಡೋಸ್, ಇದರಾಚೆ ಇನ್ನೊಂದಿಲ್ಲ ಎಂಬರ್ಥದ ಮಾತಾಡಿದ್ದರು. ಲೋಕವೆಲ್ಲ ನಂಬಿತು. ಆರು ವರ್ಷ ತುಂಬುತ್ತಲೇ, 2021ರ ಅಕ್ಟೋಬರ್ 5ಕ್ಕೆ, ಹನ್ನೊಂದು ಬಂದು ನಿಂತಿತು.

ಬಂದದ್ದು ಸುಮ್ಮನೆ ಬರಲಿಲ್ಲ. ಕನ್ಯೆ ನೋಡಲು ಬಂದ ಬೀಗರ ಹಾಗೆ ಮೊದಲು ಕುಲಗೋತ್ರ ಕೇಳಿತು. ಪ್ರೊಸೆಸರ್ ಇಂಟೆಲ್ಲಿನದಾದರೆ 8ನೇ ಜನರೇಷನ್ ಆಗಿರಬೇಕು ಅಥವಾ ಆಮೇಲಿನದು. ಟಿಪಿಎಂ 2.0 ಬೇಕು, ಕಂಪ್ಯೂಟರಿನ ಗುಟ್ಟಿನ ಕೀಲಿಗಳನ್ನು ಕಾಯುವ ಸಣ್ಣ ಚಿಪ್ಪು ಅದು. ಶುರುವಿನಲ್ಲೇ ಅಪರಿಚಿತ ತಂತ್ರಾಂಶ ತಡೆಯುವ ಸೆಕ್ಯೂರ್ ಬೂಟ್ ಬೇಕು. 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಇದ್ದರೆ ಸಾಕಂತೆ, ಅದೊಂದು ದೊಡ್ಡತನ. 8ನೇ ಜನರೇಷನ್ ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ಆ ವರ್ಷದ ಆರಂಭದಲ್ಲಿ ಹೊಸದೆಂದು ಕೊಂಡ 7ನೇ ಜನರೇಷನ್ನಿನ ಮಷೀನು ನಾಲ್ಕು ವರ್ಷಕ್ಕೇ ಮಡಿವಂತರ ಪಂಕ್ತಿಯಿಂದ ಹೊರಗೆ ಬಿತ್ತು. ಆದರೆ ಎಲ್ಲ ಮಡಿಯಲ್ಲೂ ಒಂದು ಸಂದು ಇರುತ್ತದೆ. ಇಂಟೆಲ್ಲಿನ ಐ7-7820ಎಚ್‌ಕ್ಯೂ ಎಂಬ 7ನೇ ಜನರೇಷನ್ನಿನ ಪ್ರೊಸೆಸರಿಗೆ ವಿನಾಯಿತಿ ಸಿಕ್ಕಿತು. ಅದು ಕೂತಿದ್ದು ಎಲ್ಲಿ? ಮೈಕ್ರೋಸಾಫ್ಟ್ ತಾನೇ ಮಾಡಿ ಮಾರುತ್ತಿದ್ದ ಸರ್ಫೇಸ್ ಸ್ಟುಡಿಯೋ 2ರೊಳಗೆ. ನಮ್ಮ ಕ್ಯಾಂಪಸ್ಸಿನ ನೇಮಕಾತಿ ನೋಡಿದ ನನಗೆ ಇದೇನೂ ಹೊಸದೆನಿಸಲಿಲ್ಲ.

ಇನ್ನು ತಾವು ನೇಮಿಸಿದ ತಪಾಸಣೆಯ ವಿಚಾರ. ಡೀಲರ್ ಕಡೆಯ ಹುಡುಗ ಬಂದು ಪ್ರತಿ ಮಷೀನಿನಲ್ಲೂ ಮೈಕ್ರೋಸಾಫ್ಟಿನ ಪರೀಕ್ಷೆ ಓಡಿಸಿದ. ಕೆಂಪು ಗುರುತು ಬಂದ ಕಡೆಯೆಲ್ಲ ‘ಹೊಸದು ಬೇಕು’ ಅಂತ ಬರೆದುಕೊಂಡು ಹೋದ. ಕೋವಿಡ್ ಕಾಲದಲ್ಲಿ ಕೊಂಡ 10ನೇ ಜನರೇಷನ್ನಿನ ಸಾಲಿಗೂ ಕೆಂಪು ಬಿದ್ದಿತ್ತು. ಮಧ್ಯಾಹ್ನದ ಬ್ಯಾಚಿನಲ್ಲಿ ನವಲಗುಂದ ಕಡೆಯ ಬಿಸಿಎ ಹುಡುಗಿಯೊಬ್ಬಳಿದ್ದಾಳೆ. ಮಷೀನ್ ಆನ್ ಆಗುವಾಗ ಎಫ್2 ಒತ್ತಿ ಬಯೋಸ್ ಒಳಗೆ ಹೊಕ್ಕಳು. ಕಪ್ಪು ಪರದೆ ಮೇಲೆ ಬಾಣದ ಕೀಲಿ ಒತ್ತುತ್ತ ಕೆಳಗಿಳಿದು, ಪಿಟಿಟಿ ಅಂತ ಬರೆದ ಸಾಲಿನ ಮೇಲೆ ನಿಂತಳು.

‘ಸರ್ರ, ಇದು ಬಂದ್ ಐತ್ರಿ. ಚಾಲೂ ಮಾಡ್ಲೇನ್ರಿ?’

‘ಮಾಡವಾ’ ಅಂದೆ. ಅಲ್ಲೇ ಸೆಕ್ಯೂರ್ ಬೂಟನ್ನೂ ಚಾಲೂ ಮಾಡಿ, ಎಫ್10 ಒತ್ತಿ ಹೊರಗೆ ಬಂದಳು. ಪರೀಕ್ಷೆ ಮತ್ತೆ ಓಡಿಸಿದರೆ ಹಸಿರು. ಇಂಟೆಲ್ಲಿನವರು ಆ ಟಿಪಿಎಂ ಅನ್ನು ಪ್ರೊಸೆಸರಿನ ಜೊತೆಗೇ ಇಟ್ಟುಕೊಟ್ಟಿದ್ದಾರೆ, ಪಿಟಿಟಿ ಅದರದೇ ಹೆಸರು. ಮದರ್‌ಬೋರ್ಡಿನವರು ಕೆಲವೊಮ್ಮೆ ಬಂದ್ ಮಾಡಿ ಕಳಿಸುತ್ತಾರೆ. ಸಂಜೆಯೊಳಗೆ ಆ ಸಾಲಿಗೆ ಸಾಲೇ ಹಸಿರಾಯಿತು, ಖರ್ಚು ಸೊನ್ನೆ. ಈ ಅನಧಿಕೃತ ಹಸಿರೀಕರಣಕ್ಕೆ ತಾವು ಕೋಪಗೊಂಡದ್ದು ನ್ಯಾಯವೇ. ಖರೀದಿಯ ಅಂದಾಜು ಪಟ್ಟಿ ಅಷ್ಟರಲ್ಲಿ ಟೈಪಾಗಿ ಹೋಗಿತ್ತು. ಒಬ್ಬ ಹುಡುಗಿಯ ಎಫ್2ಗಾಗಿ ಅಂದಾಜು ಪಟ್ಟಿ ತಿದ್ದಲಿಕ್ಕೆ ಬರುತ್ತದೇನು?

ಉಳಿದವು ನಿಜಕ್ಕೂ ಹಳೆಯವಾದ 6 ಮತ್ತು 7ನೇ ಜನರೇಷನ್ನಿನವು. ಅವಕ್ಕೂ ಕಂಪನಿಯೇ ಒಂದು ದಾರಿ ಇಟ್ಟಿದೆ. ಶಿಕ್ಷಣ ಸಂಸ್ಥೆಗಳು ಹಣ ಕಟ್ಟಿದರೆ ಇನ್ನೂ ಮೂರು ವರ್ಷ ಭದ್ರತಾ ಅಪ್‌ಡೇಟು ಕೊಡುತ್ತಾರೆ. ದರ ಮಷೀನಿಗೆ ಮೊದಲ ವರ್ಷ 1 ಡಾಲರ್, ಎರಡನೇ ವರ್ಷ 2, ಮೂರನೇ ವರ್ಷ 4. ಒಟ್ಟು 7 ಡಾಲರ್, ನಮ್ಮ ದುಡ್ಡಿನಲ್ಲಿ 700 ರೂಪಾಯಿಯೊಳಗೆ. ವ್ಯಾಪಾರಿ ಸಂಸ್ಥೆಗಳಿಗೆ ಮೊದಲ ವರ್ಷಕ್ಕೇ 61 ಡಾಲರ್ ಹಾಕುವ ಕಂಪನಿ ಪಾಠಶಾಲೆಗಳ ಮೇಲೆ ಅದ್ಯಾಕೋ ಕರುಣೆ ತೋರಿದೆ. ಹೊಸ ಕಂಪ್ಯೂಟರುಗಳ ಉದ್ಘಾಟನೆಗೆ ಬರುವ ಒಬ್ಬ ಅತಿಥಿಯ ಶಾಲು, ಹಾರ, ಪೇಢೆ ಡಬ್ಬಿಯ ಖರ್ಚಿನಲ್ಲಿ ಒಂದು ಮಷೀನು 2028ರವರೆಗೆ ಬದುಕುತ್ತದೆ.

ಆದರೆ ಈ ಉಪಾಯದ ದೊಡ್ಡ ದೋಷವನ್ನು ತಮ್ಮ ಸದಸ್ಯರೊಬ್ಬರು ಸಭೆಯಲ್ಲಿ ಸರಿಯಾಗಿಯೇ ಎತ್ತಿ ತೋರಿಸಿದರು. ಒಂದು ಡಾಲರಿನ ಅಪ್‌ಡೇಟಿಗೆ ರಿಬ್ಬನ್ ಕಟ್ಟುವುದು ಎಲ್ಲಿ? ಅದು ಕಣ್ಣಿಗೆ ಕಾಣುವುದಿಲ್ಲ, ಫೋಟೋದಲ್ಲಿ ಬರುವುದಿಲ್ಲ, ಅದರ ಮೇಲೆ ‘ಇವರಿಂದ ಲೋಕಾರ್ಪಣೆ’ ಅಂತ ಗ್ರಾನೈಟ್ ಕಲ್ಲು ಕೂರಿಸಲು ಬರುವುದಿಲ್ಲ. ವಿಂಡೋಸ್ ಬದಲು ಪುಕ್ಕಟೆಯ ಲಿನಕ್ಸ್ ಹಾಕೋಣವೆಂದು ನಾನು ಬಾಯಿ ತೆರೆದಾಗಲೂ ಇದೇ ಆಯಿತು. ‘ಪುಕ್ಕಟೆ ಅಂದ್ರ ಟೆಂಡರ್ ಹೆಂಗ ಕರಿಯೂದು?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಉಬುಂಟು ಆಧಾರಿತ ಲಿನಕ್ಸಿನ ಮೇಲೆಯೇ ಐಟಿ ಕಲಿಯುತ್ತಾರೆ, ಅದೂ ಕನ್ನಡದ ಪಠ್ಯಪುಸ್ತಕ ಇಟ್ಟುಕೊಂಡು. ಕೇರಳ ಸರ್ಕಾರದ ಕೈಟ್ ಸಂಸ್ಥೆ ಅವರಿಗೆಂದೇ ಆಪರೇಟಿಂಗ್ ಸಿಸ್ಟಮ್ ಹೊಂದಿಸಿಕೊಡುತ್ತದೆ. ಅಲ್ಲಿನ ಹೈಸ್ಕೂಲು ಹುಡುಗನಿಗೆ ಅಕ್ಟೋಬರ್ 14 ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ನಮ್ಮ ಲೆಕ್ಕಪತ್ರ ವಿಭಾಗದ ಟ್ಯಾಲಿ ವಿಂಡೋಸ್ ಬಿಟ್ಟು ಬರುವುದಿಲ್ಲ, ಒಪ್ಪಿದೆ. ಆದರೆ ಲ್ಯಾಬಿನಲ್ಲಿ ನಾವು ಓಡಿಸುವುದು ಟ್ಯಾಲಿ ಅಲ್ಲವಲ್ಲ.

ಓಡಿಸುವುದು ಸಿ ಭಾಷೆಯ ಪಾಠಕ್ಕೆ ಬೇಕಾದ ಟರ್ಬೋ ಸಿ. 1990ರ ದಶಕದ ಆರಂಭದ ನೀಲಿ ಪರದೆ, ಮೌಸಿಗಿಂತ ಮೊದಲೇ ಹುಟ್ಟಿದಂತೆ ಕಾಣುವ ಮೆನು. ಅದು ಡಾಸ್ ಕಾಲದ 16 ಬಿಟ್ ತಂತ್ರಾಂಶ. 64 ಬಿಟ್ಟಿನ ವಿಂಡೋಸ್ ಮೇಲೆ ನೆಟ್ಟಗೆ ಏಳುವುದೇ ಇಲ್ಲ. ಹನ್ನೊಂದಕ್ಕೆ 32 ಬಿಟ್ಟಿನ ಆವೃತ್ತಿಯೂ ಇಲ್ಲ. ಹಾಗಾಗಿ ಡಾಸ್‌ಬಾಕ್ಸ್ ಹಾಕಿ, ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ಹಳೇ ಕಂಪ್ಯೂಟರಿನ ವೇಷ ಕಟ್ಟಿ, ಅದರೊಳಗೆ ಇದನ್ನು ಕೂರಿಸಬೇಕು. ಅಂದರೆ ಟಿಪಿಎಂ, ಸೆಕ್ಯೂರ್ ಬೂಟ್, ಹೊಸ ಪ್ರೊಸೆಸರ್ ಎಲ್ಲವನ್ನೂ ದಾಟಿ ಹೋದ ವಿದ್ಯಾರ್ಥಿ ಕೊನೆಗೆ ತಲುಪುವುದು ‘ವಾಯ್ಡ್ ಮೇನ್’ ಮತ್ತು ‘ಕೋನಿಯೋ’ ಇರುವ ಅದೇ ನೀಲಿ ಬಾವಿಗೆ. ಪ್ರಾಯೋಗಿಕ ಪರೀಕ್ಷೆಯ ಪುಸ್ತಕ ಹಾಗಿದೆ, ಬದಲಿಸಲು ಬೇರೆ ಸಮಿತಿ ಬೇಕಂತೆ. ಇದೇ ಸಿ ಪಾಠಕ್ಕೆ ಲಿನಕ್ಸಿನಲ್ಲಿ ಜಿಸಿಸಿ ಎಂಬ ಕಂಪೈಲರ್ ಪುಕ್ಕಟೆ ಸಿಗುತ್ತದೆ ಅಂತ ಇನ್ನೊಮ್ಮೆ ಹೇಳಿ ಟೆಂಡರಿನ ಪ್ರಶ್ನೆ ಎಬ್ಬಿಸುವುದಿಲ್ಲ.

ನನಗೆ ನಿಜವಾಗಿ ಹೆದರಿಕೆ ಇರುವುದು ಪ್ರಶ್ನೆಪತ್ರಿಕೆಗಳ ಬಗ್ಗೆ. ಆಫೀಸಿನ ಹಳೇ ಮಷೀನುಗಳಲ್ಲಿ ವರ್ಷಗಟ್ಟಲೆ ಟೈಪಿಸಿದ ಕನ್ನಡದ ಕಡತಗಳಿವೆ. ಎಲ್ಲವೂ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಯೂನಿಕೋಡಿನಲ್ಲಲ್ಲ. ಆ ಕಡತದೊಳಗೆ ಇರುವುದು ಕನ್ನಡ ಅಕ್ಷರಗಳೇ ಅಲ್ಲ. ರೋಮನ್ ಅಕ್ಷರ, ಚಿಹ್ನೆಗಳ ಸಂಕೇತ. ಕನ್ನಡದ ಆಕಾರ ಕೊಡುವುದು ಫಾಂಟು. ಫಾಂಟ್ ಇಲ್ಲದ ಹೊಸ ಮಷೀನಿನಲ್ಲಿ ಅದನ್ನು ತೆರೆದು ‘ಕರ್ನಾಟಕ’ ಎಂಬ ಪದ ನೋಡಿ. ಕ ಇದ್ದಲ್ಲಿ ಇಂಗ್ಲಿಷಿನ ಪಿ, ಅದರ ಪಕ್ಕಕ್ಕೆ ತಲೆ ಮೇಲೆ ಗೀಟು ಹೊತ್ತ ಒಂದು ಎ, ನ ಇದ್ದಲ್ಲಿ ಬ್ರಿಟಿಷ್ ಪೌಂಡಿನ ಗುರುತು! 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ ಊರಿನಲ್ಲಿ ನಾಡಿನ ಹೆಸರು ಪೌಂಡಾಗಿ ಕೂರುತ್ತದೆ. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಿಂದ ಜಾಗವಿದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಎಂಬ ಕನ್ನಡ ಫಾಂಟಿತ್ತು. ಈಗಿನ ನುಡಿಯಲ್ಲೂ ಯೂನಿಕೋಡಿದೆ. ನಾವು ಮಾತ್ರ ರೂಢಿ ಬಿಡಲಿಲ್ಲ. ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಬೇಕಾದದ್ದು ಒಬ್ಬ ಮನುಷ್ಯ ಮತ್ತು ಕೆಲವು ವಾರ. ತಮ್ಮ ಯೋಜನೆಯಲ್ಲಿ ಗೋಡೆಗೆ ಬಣ್ಣ, ಕಿಟಕಿಗೆ ಪರದೆ, ಎಲ್ಇಡಿ ಬೋರ್ಡು ಎಲ್ಲಕ್ಕೂ ಬಾಬು ಇದೆ. ಇದಕ್ಕಿಲ್ಲ.

ಹಳೆಯ ಮಷೀನುಗಳನ್ನು ಎಲ್ಲಿ ಇಡುವುದು ಎಂಬ ತಮ್ಮ ಸಂದಿಗ್ಧವೂ ನನಗೆ ಅರ್ಥವಾಗುತ್ತದೆ. ವಿಂಡೋಸ್ 10ರ ಅಂತ್ಯದಿಂದ ಜಗತ್ತಿನಲ್ಲಿ 24 ಕೋಟಿ ಕಂಪ್ಯೂಟರುಗಳು ಕಸವಾಗಬಹುದೆಂದು ಕೆನಾಲಿಸ್ ಎಂಬ ಸಂಶೋಧನಾ ಸಂಸ್ಥೆ 2023ರಲ್ಲೇ ಅಂದಾಜಿಸಿತ್ತು. ಅದರಲ್ಲಿ ನಮ್ಮದೂ ಒಂದು ಕಾಣಿಕೆ. 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮ ಇದನ್ನೆಲ್ಲ ನೋಂದಾಯಿತ ಮರುಬಳಕೆದಾರರಂಥವರ ಕೈಗೇ ಸೇರಿಸಬೇಕೆನ್ನುತ್ತದೆ, ತಕ್ಕಡಿ ಹಿಡಿದು ಬರುವ ಗುಜರಿಯವನ ಕೈಗಲ್ಲ. ಇತ್ತ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಬರೆದು ತೆಗೆದರೆ ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ ನಮೂನೆಯಲ್ಲಿ ಕೇಳುವ ವಿದ್ಯಾರ್ಥಿ-ಕಂಪ್ಯೂಟರ್ ಅನುಪಾತ ಕುಸಿಯುತ್ತದೆ. ಆದ್ದರಿಂದ ನ್ಯಾಕ್ ಮೌಲ್ಯಮಾಪನ ಮುಗಿಯುವವರೆಗೆ ಅವು ಉಪಯುಕ್ತ, ಆಮೇಲೆ ನಿರುಪಯುಕ್ತ ಎಂದು ತಾವು ಕಂಡುಕೊಂಡ ಪರಿಹಾರ ಅದ್ಭುತವಾದದ್ದು. ಒಂದೇ ಮಷೀನು ಎರಡು ಕಡತದಲ್ಲಿ ಸತ್ತೂ ಬದುಕಿಯೂ ಇರುವುದನ್ನು ಭೌತಶಾಸ್ತ್ರ ವಿಭಾಗದವರೂ ಬಂದು ನೋಡಿಕೊಂಡು ಹೋಗಲಿ.

ಕೊನೆಗೆ ಎರಡು ಕೋರಿಕೆ. ಆಫೀಸಿನ ಹಳೇ ಸಿಪಿಯುಗಳನ್ನು ಟ್ರ್ಯಾಕ್ಸ್ ಗಾಡಿಗೆ ಹೇರುವ ಮೊದಲು ಅವುಗಳ ಹಾರ್ಡ್‌ಡಿಸ್ಕು ಬಿಚ್ಚಿಕೊಳ್ಳಲು ನನಗೆ ಲಿಖಿತ ಅನುಮತಿ ಬೇಕು. ಬಾಯಿಮಾತು ನಡೆಯುವುದಿಲ್ಲವೆಂದು ಸ್ಟೋರಿನವರು ಹೇಳಿದ್ದಾರೆ. ಎರಡನೆಯದು ಉದ್ಘಾಟನೆಯ ದಿನದ್ದು. ಮಧ್ಯಾಹ್ನ ಕರೆಂಟ್ ಹೋಗುವುದು ಇದ್ದೇ ಇದೆ, ಯುಪಿಎಸ್ ಬ್ಯಾಟರಿಗಳು ಉಬ್ಬಿ ಕೂತು ವರ್ಷವಾಯಿತು, ಹೊಸ ಯೋಜನೆಯಲ್ಲಿ ಬ್ಯಾಟರಿ ಸೇರಿಲ್ಲ. ಅತಿಥಿಗಳು ಯಾವ ಮಷೀನಿನ ಗುಂಡಿ ಒತ್ತುತ್ತಾರೆಂದು ಮೊದಲೇ ತಿಳಿಸಿದರೆ, ಸರಿಯಾಗಿರುವ ಒಂದೇ ಒಂದು ಯುಪಿಎಸ್ಸನ್ನು ಅದರ ಟೇಬಲ್ ಕೆಳಗೆ ತಂದಿಟ್ಟಿರುತ್ತೇನೆ.

ಇತಿ ತಮ್ಮ ವಿಧೇಯ,
ಲ್ಯಾಬ್ ಸಹಾಯಕ (ಹೊರಗುತ್ತಿಗೆ)