ಬಾಲದ ಹಿಂದೆ ನಿಂತವನು

ನಾಯಿ ನಮಗಾಗಿ ಪ್ರಾಣ ಬಿಡುತ್ತದೆ, ಹಸು ನಮ್ಮನ್ನು ಮಕ್ಕಳಂತೆ ಸಲಹುತ್ತದೆ, ಹಾವು ಹನ್ನೆರಡು ವರ್ಷ ನಮ್ಮ ಮೇಲೆ ಹಗೆ ಇಟ್ಟುಕೊಂಡು ಕಾಯುತ್ತದೆ. ಒಟ್ಟಿನಲ್ಲಿ ನಮ್ಮನ್ನು ಬಿಟ್ಟರೆ ಪ್ರಾಣಿಗಳಿಗೆ ಬೇರೆ ಯೋಚನೆಯೇ ಇಲ್ಲ ಎಂದು ನಾವು ನಂಬಿದ್ದೇವೆ. ಈ ನಂಬಿಕೆಯ ಬಿಗಿ ಸ್ವಲ್ಪ ಸಡಿಲಾಗಬೇಕೆಂದರೆ ಗೂಗಲ್‌ಗೆ ಬರಬೇಕು. ಮೊಬೈಲಿನೊಳಗಿನದಲ್ಲ, ದೇವದುರ್ಗ ತಾಲ್ಲೂಕಿನದು. (ಈ ಜೋಕು ಕೇಳಿ ಕೇಳಿ ಊರಿನವರು ಬೇಸತ್ತಿದ್ದಾರೆ, ಇಲ್ಲಿಗೇ ಬಿಡೋಣ.) ಕೃಷ್ಣೆಯ ದಂಡೆ, ಅಲ್ಲಮಪ್ರಭುವಿನ ಗುಡಿ, ನದಿಗೆ ಅಡ್ಡಲಾಗಿ ಬ್ಯಾರೇಜು. ಬಂದವರು ಗುಡಿಗೆ ಕೈಮುಗಿದು, ಬ್ಯಾರೇಜಿನ ಮೇಲೆ ಫೋಟೊ ಹೊಡೆಸಿಕೊಂಡು, ಕೆಳಗೆ ಬಗ್ಗಿ "ಮೊಸಳಿ ಎಲ್ಲೈತ್ರಿ?" ಎಂದು ಕೇಳುತ್ತಾರೆ. ಮನುಷ್ಯ ಎಲ್ಲಿದ್ದಾನೆ ಎಂದು ಮೊಸಳೆ ಯಾರನ್ನೂ ಕೇಳಬೇಕಾಗಿಲ್ಲ. ಅದಕ್ಕೆ ಸದ್ದು ಕೇಳಿಸುತ್ತದೆ.

ರಾಯಚೂರು ಜಿಲ್ಲೆಯ ಕೃಷ್ಣೆಯಲ್ಲಿ ಮೊಸಳೆ ಇರುವುದು ಹೊಸ ಸುದ್ದಿಯಲ್ಲ. ಆದರೂ ನೆರೆ ಬಂದ ವರ್ಷವೆಲ್ಲ ಅದು ಹೊಸ ಸುದ್ದಿಯೇ. 2019ರ ಆಗಸ್ಟಿನಲ್ಲಿ ನಾರಾಯಣಪುರ ಜಲಾಶಯದಿಂದ ಬಿಟ್ಟ ನೀರು ಇದೇ ತಾಲ್ಲೂಕಿನ ಹೂವಿನಹೆಡಗಿ ಸೇತುವೆಯನ್ನು ಮುಳುಗಿಸಿತ್ತು. ಅಂಥ ದಿನಗಳಲ್ಲಿ ಹೊಲದಲ್ಲೊಂದು ಮೊಸಳೆ ಕಂಡರೆ "ಊರಿಗೆ ನುಗ್ಗಿದ ಮೊಸಳೆ" ಎಂದು ಟಿವಿಯವರು ಕೆಂಪು ಅಕ್ಷರದಲ್ಲಿ ಕಿರುಚುತ್ತಾರೆ. ಮೊಸಳೆಯ ಹೇಳಿಕೆ ಪಡೆದಿದ್ದರೆ ತಿಳಿಯುತ್ತಿತ್ತು: ಅದು ಎಲ್ಲಿಗೂ ನುಗ್ಗಿರಲಿಲ್ಲ. ಮೊದಲಿನಂತೆ ನೀರಿನಲ್ಲೇ ಇತ್ತು. ಊರಿಗೆ ಬಂದದ್ದು ನೀರು, ನೀರು ಬಿಟ್ಟದ್ದು ನಾವು.

ಬೇಸಗೆಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಹೊಳೆ ಇಳಿದು ಉಸುಕು ಬಯಲಾಗುವ ಹೊತ್ತಿಗೆ ಹೆಣ್ಣು ಮೊಸಳೆ ದಂಡೆಯ ಉಸುಕಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಟ್ಟು ಮುಚ್ಚುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ಆ ಉಸುಕಿನ ಕಾವು. ಸರಿಯಾಗಿ ಅದೇ ಹಂಗಾಮಿನಲ್ಲಿ, ಅದೇ ಉಸುಕಿಗೆ, ರಾತ್ರಿ ದೀಪ ಆರಿಸಿಕೊಂಡು ಟಿಪ್ಪರ್ ಇಳಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊಸಳೆಗೆ ಮೊದಲನೇ ಅನುಸೂಚಿಯ ಗೌರವವಿದೆ. ಹುಲಿ ಕೂತ ಸಾಲಿನಲ್ಲೇ ಇದರ ಕುರ್ಚಿ. ಅದು ಮಲಗುವ ಹಾಸಿಗೆ ಮಾತ್ರ ಗಣಿ ಇಲಾಖೆಯ ಪಾಲು. ಮೊಸಳೆಯ ಕಣ್ಣಲ್ಲಿ ಮನುಷ್ಯ ಎಂದರೆ ಇಷ್ಟೇ: ಮಳೆಗಾಲದಲ್ಲಿ ಹೊಳೆಯನ್ನು ಊರಿಗೆ ಕಳಿಸುವ, ಬೇಸಗೆಯಲ್ಲಿ ದಂಡೆಯನ್ನು ಲಾರಿಯಲ್ಲಿ ಒಯ್ಯುವ ಒಂದು ನಿಶಾಚರಿ.

ಹಾಗೆಂದು ಮೊಸಳೆ ನಮ್ಮನ್ನು ಕಂಡು ಹೇಸುತ್ತದೆ ಎಂದುಕೊಳ್ಳಬೇಡಿ. ಮದ್ರಾಸ್ ಮೊಸಳೆ ಉದ್ಯಾನದ ಮೊಸಳೆಗಳ ಬಗ್ಗೆ 2013ರಲ್ಲಿ ಒಂದು ವರದಿ ಪ್ರಕಟವಾಯಿತು. ಬೆಳ್ಳಕ್ಕಿಗಳು ಗೂಡಿಗಾಗಿ ಕಡ್ಡಿ ಹುಡುಕುವ ಕಾಲದಲ್ಲಿ ಇವು ಮೂತಿಯ ಮೇಲೆ ಕಡ್ಡಿ ಹೊತ್ತು, ಮಿಸುಕದೆ ನೀರಿನಲ್ಲಿ ಮಲಗಿರುತ್ತವಂತೆ. ಹಕ್ಕಿ ಕಡ್ಡಿಗೆ ಕೊಕ್ಕು ಹಾಕಿತೋ, ಕತೆ ಮುಗಿಯಿತು. ಎದುರಿನವನಿಗೆ ಏನು ಬೇಕೆಂದು ತಿಳಿದು ಅದನ್ನೇ ತಲೆಯ ಮೇಲೆ ಹೊತ್ತು, ಆ ಹಂಗಾಮಿನಲ್ಲಿ ಮಾತ್ರ ಕೈಗೆಟುಕುವಷ್ಟು ಹತ್ತಿರ ಬರುವ ಈ ವಿದ್ಯೆ ಬಲ್ಲ ಪ್ರಾಣಿ, ಚುನಾವಣೆಯ ವರ್ಷ ಗೂಗಲ್ ಕಡೆ ಬರುವ ಜೀಪುಗಳನ್ನು ನೋಡಿ ಏನೆಂದುಕೊಳ್ಳಬಹುದು? ನನ್ನ ಊಹೆ, ಬೀಗರು ಬಂದರು ಎಂದುಕೊಳ್ಳುತ್ತದೆ.

ಎತ್ತಿನ ವಿಷಯ ಬೇರೆ. ಮೊಸಳೆಗೆ ನಾವು ಅಪರೂಪಕ್ಕೆ ಕಾಣುವವರು, ಎತ್ತಿಗೆ ದಿನಾ ಇರುವವರು. ತಲೆಯ ಎರಡು ಪಕ್ಕಕ್ಕೂ ಕಣ್ಣಿರುವುದರಿಂದ ಅದಕ್ಕೆ ನಿಂತಲ್ಲೇ ಸುಮಾರು 330 ಡಿಗ್ರಿ ಕಾಣುತ್ತದೆ. ಕತ್ತು ಹೊರಳಿಸದೆ ಕಾಣದ ದೊಡ್ಡ ಜಾಗ ಒಂದೇ, ನೇರವಾಗಿ ಬಾಲದ ಹಿಂದೆ. ಸಾವಿರಾರು ವರ್ಷಗಳಿಂದ ಒಕ್ಕಲುತನ ಮಾಡಿದ ಮನುಷ್ಯ, ಈ ವಿಶಾಲ ಭೂಮಂಡಲದಲ್ಲಿ ತನಗಾಗಿ ಆರಿಸಿಕೊಂಡ ಸ್ಥಳ ಅದೇ. ನೇಗಿಲು ಹಿಡಿದು, ಕುಂಟಿ ಹಿಡಿದು, ಬಾರುಕೋಲು ಹಿಡಿದು ಅಲ್ಲೇ ನಿಂತ. ಅಲ್ಲಿಂದಲೇ ಬೈದ. ಗಡಿ ಜಿಲ್ಲೆಯಾದ್ದರಿಂದ ನಮ್ಮ ಎತ್ತಿಗೆ ಕನ್ನಡ, ತೆಲುಗು ಎರಡರ ಬೈಗುಳವೂ ತಿಳಿಯುತ್ತದೆ. ಮುಂದಿನ ಪೀಳಿಗೆಗೆ ಎತ್ತು ಏನಾದರೂ ಹೇಳಿಕೊಡುತ್ತಿದ್ದರೆ ಇಷ್ಟು ಹೇಳುತ್ತಿತ್ತು: "ತಮ್ಮಾ, ಇಂವ ಯಾವಾಗ್ಲೂ ಹಿಂದ ನಿಂತಿರ್ತಾನ. ಮುಂದ ಬಂದು ಮೈ ಸವರಿದಾ ಅಂದ್ರ ಹಬ್ಬ ಬಂತು ಅಂತ ತಿಳಕೋ. ಹಬ್ಬ ಬಂತಂದ್ರ ಕಲ್ಲು ಬಂತು ಅಂತ ತಿಳಕೋ."

ಕಲ್ಲು ಎಂದರೆ ಕಾರಹುಣ್ಣಿಮೆಯ ಕಲ್ಲು. ರಾಯಚೂರು ನಗರದಲ್ಲಿ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಒಂದೂವರೆ ಟನ್, ಎರಡು ಟನ್ ತೂಗುವ ಕಲ್ಲುಗಳನ್ನು ಎಳೆಸುತ್ತಾರೆ. ಆಂಧ್ರ, ತೆಲಂಗಾಣದಿಂದಲೂ ಜೋಡಿಗಳು ಬರುತ್ತವೆ. ಎಂಥ ಎತ್ತುಗಳು! ನೋಡಲು ಎರಡು ಕಣ್ಣು ಸಾಲವು, ನಾನೂ ಕೇಕೆ ಹಾಕುವವನೇ. ಆದರೆ ಎತ್ತಿನ ಕಡೆಯಿಂದ ಯೋಚಿಸಿ. ಹತ್ತಿಯ ಅಂಡಿಗೆ ಎಳೆದರೆ ಗಂಜ್ ಮಾರುಕಟ್ಟೆಗೆ ಹೋಗುತ್ತದೆ, ಭತ್ತದ ಚೀಲ ಎಳೆದರೆ ಮಿಲ್ಲಿಗೆ ಹೋಗುತ್ತದೆ. ಈ ಕಲ್ಲು ಎಲ್ಲಿಗೆ ಹೋಗಬೇಕು? ಆ ತುದಿಗೆ. ಆಮೇಲೆ? ಈ ತುದಿಗೆ. ಸುತ್ತ ಸಾವಿರಾರು ಮಂದಿ ಕೂಗುತ್ತಿದ್ದಾರೆ, ಒಬ್ಬ ಗಡಿಯಾರ ಹಿಡಿದಿದ್ದಾನೆ, ಇನ್ನೊಬ್ಬ ಟೇಪು ಹಿಡಿದಿದ್ದಾನೆ. ಮನುಷ್ಯನಿಗೆ ಕಲ್ಲಿನ ಮೇಲೆ ಅಪಾರ ಮಮತೆ, ಆದರೆ ಅದನ್ನು ಎಲ್ಲಿಡಬೇಕೆಂದು ತೋಚುವುದಿಲ್ಲ ಎಂದೇ ಅದು ತೀರ್ಮಾನಿಸಿರಬೇಕು. ಕೋಡಿಗೆ ಬಳಿದ ಆ ಕಡುಗೆಂಪು ಬಣ್ಣವೋ? ದನಗಳ ಕಣ್ಣಿಗೆ ಕೆಂಪು ಸರಿಯಾಗಿ ಕಾಣುವುದೇ ಇಲ್ಲ. ಅದು ಎತ್ತಿನ ಸಿಂಗಾರವಲ್ಲ, ನಮ್ಮದು. ಜಾಗ ಸಾಲದೆ ಅದರ ತಲೆಯ ಮೇಲೆ ಮಾಡಿಕೊಂಡಿದ್ದೇವೆ.

ಕಾಗೆಗೆ ಬರೋಣ. ತಿಥಿಯ ದಿನ ಎಡೆ ಇಟ್ಟು ಕಾಯುತ್ತೇವೆ. ಹತ್ತು ಕಾಗೆಗಳಲ್ಲಿ ಯಾವುದು ಇಳಿದರೂ ಅದೇ ನಮ್ಮಪ್ಪ. ಒಂದರಿಂದ ಇನ್ನೊಂದನ್ನು ಬೇರೆ ಮಾಡಿ ಗುರುತಿಸಲು ನಮಗೆ ಬಾರದು. ಕಾಗೆಗೆ ಬರುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಮಾರ್ಜ್‌ಲಫ್ ಎಂಬ ವಿಜ್ಞಾನಿ 2006ರಲ್ಲಿ ಗುಹಾಮಾನವನ ಮುಖವಾಡ ತೊಟ್ಟು ಕೆಲವು ಕಾಗೆಗಳನ್ನು ಹಿಡಿದು ಬಿಟ್ಟರು. ಆ ಮುಖವಾಡ ತೊಟ್ಟು ಯಾರೇ ನಡೆದರೂ ವರ್ಷಗಟ್ಟಲೆ ಕಾಗೆಗಳು ಬೆನ್ನಟ್ಟಿ ಬೈದವು. ಸಿಕ್ಕಿಬೀಳದಿದ್ದ ಕಾಗೆಗಳೂ ಬೈಯಲು ಕಲಿತವು. ಹೋಲಿಸಿ ನೋಡಲು ಕಾಗೆಗಳಿಗೆ ಏನೂ ಕೇಡು ಮಾಡದ ಇನ್ನೊಂದು ಮುಖ ಬೇಕಿತ್ತು. ಅದಕ್ಕೆ ಬಳಸಿದ್ದು ಆಗಿನ ಉಪಾಧ್ಯಕ್ಷ ಡಿಕ್ ಚೆನಿಯ ಮುಖವಾಡ. ಇರಾಕ್ ಯುದ್ಧದ ಚೆನಿಯನ್ನು ಕಾಗೆಗಳು ಮಾತಾಡಿಸದೆ ಬಿಟ್ಟವು. ಯಾರು ಎಷ್ಟು ದೊಡ್ಡ ಪಾಪಿ ಎಂಬುದು ಅವುಗಳ ಖಾತೆಯಲ್ಲಿಲ್ಲ. ತಮ್ಮ ಮೈಮೇಲೆ ಕೈಹಾಕಿದ್ದು ಯಾರು ಎಂಬುದಷ್ಟೇ ಇದೆ.

ಬೀದಿ ನಾಯಿಯ ಖಾತೆಯೂ ಹಾಗೆಯೇ. ಅದು ಮುಖಕ್ಕಿಂತ ಮೊದಲು ಸೊಂಟ ನೋಡುತ್ತದೆ. ಕಲ್ಲು ಇರಲಿ ಬಿಡಲಿ, ನೀವು ಬಾಗಿದರೆ ಸಾಕು, ಓಟ. ಯಾವ ಊರಿನ ಬಸ್ ಸ್ಟ್ಯಾಂಡಿನಲ್ಲಿಯಾದರೂ ಮುಖಂಡರು ಇಳಿದು, ನಾಲ್ಕು ಜನ ಕಾಲಿಗೆ ಬಿದ್ದಾಗ ಗಮನಿಸಿ, ಮಲಗಿದ್ದ ನಾಯಿ ಎದ್ದು ದೂರ ಹೋಗುತ್ತದೆ. ಬಾಗಿದ ಮನುಷ್ಯ ಏಳುವಾಗ ಕೈಯಲ್ಲಿ ಏನಾದರೂ ಹಿಡಿದುಕೊಂಡೇ ಏಳುತ್ತಾನೆ ಎಂಬುದು ಅದರ ಅನುಭವ. ಟೆಂಡರುಗಳ ಪಟ್ಟಿ ನೋಡಿದರೆ ಅದು ತಪ್ಪು ಅನ್ನಿಸುವುದಿಲ್ಲ.

ಇಂಥ ಅನುಭವಸ್ಥ ನಾಯಿಗೂ ಕಳೆದ ವರ್ಷ ಮನುಷ್ಯ ಅರ್ಥವಾಗಲಿಲ್ಲ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಸುತ್ತಲಿನ ಬೀದಿ ನಾಯಿಗಳನ್ನೆಲ್ಲ ಹಿಡಿದು ಆಶ್ರಯಧಾಮದಲ್ಲಿಡಿ ಎಂದಿತು. 22ರಂದು, ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದಲ್ಲೇ ಬಿಡಿ ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಒಯ್ಯಿರಿ, ಮತ್ತೆ ಅಲ್ಲಿ ಬಿಡಬೇಡಿ ಎಂದಿತು. ಮಗುವನ್ನು ನಾಯಿ ಕಚ್ಚಿದ ಮನೆಯವರ ಸಂಕಟ ಸುಳ್ಳಲ್ಲ, ಅದನ್ನು ನಾನು ತಮಾಷೆ ಮಾಡುತ್ತಿಲ್ಲ. ಆದರೆ ನಾಯಿಯೂ ಒಂದು ಪ್ರದೇಶವನ್ನು ಗುರುತು ಮಾಡುತ್ತದೆ. ಕಾಲೆತ್ತಿದರೆ ಮುಗಿಯಿತು, ಮಿಕ್ಕ ನಾಯಿಗಳಿಗೆಲ್ಲ ಆದೇಶ ತಲುಪಿತು, ಮೇಲ್ಮನವಿ ಇಲ್ಲ.

ಪ್ರಾಣಿ ನಮ್ಮನ್ನು ಹೇಗೆ ನೋಡುತ್ತದೆ ಎಂದು ಪ್ರಾಮಾಣಿಕವಾಗಿ ತಲೆ ಕೆಡಿಸಿಕೊಳ್ಳುವವರು ಕವಿಗಳಲ್ಲ, ಪ್ರಾಣಿಪ್ರಿಯರೂ ಅಲ್ಲ. ಬೆಳೆ ಕಳೆದುಕೊಂಡವರು. ಚಿಗರಿ ಹಿಂಡು ರಾತ್ರೋರಾತ್ರಿ ತೊಗರಿ ಮೇದು ಹೋದ ರೈತ, ಹೊಲದ ಸುತ್ತ ಹೆಂಡತಿಯ ಹಳೆಯ ಸೀರೆ ಕಟ್ಟಿ, ಚಿಗರಿಯ ಎತ್ತರಕ್ಕೆ ಕೂತು ನೋಡುತ್ತಾನೆ: ಇಲ್ಲಿಂದ ಇದು ಮನುಷ್ಯನ ಹಾಗೆ ಕಾಣುತ್ತದೆಯೇ? ಶಿವಮೊಗ್ಗ ಜಿಲ್ಲೆಯ ರೈತರೊಬ್ಬರು 2019ರಲ್ಲಿ ಇನ್ನೂ ಮುಂದೆ ಹೋದರು. ಮಂಗಗಳ ಕಾಟ ತಾಳಲಾರದೆ ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದರು. ಬಳಸಿದ್ದು ತಲೆಗೂದಲಿಗೆ ಹಚ್ಚುವ ಬಣ್ಣ. ಮಂಗಗಳು ದೂರದಿಂದಲೇ ಕಂಡು ಕಾಲಿಗೆ ಬುದ್ಧಿ ಹೇಳಿದವು, ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಪಾಪ, ತಾನು ಹುಲಿಯಾದದ್ದು ಆ ನಾಯಿಗೊಂದಕ್ಕೆ ಗೊತ್ತಿರಲಿಲ್ಲ. ಅದೇ ಬಣ್ಣವನ್ನು ತಲೆಗೆ, ಮೀಸೆಗೆ ಹಚ್ಚಿಕೊಂಡು ಅರವತ್ತು ದಾಟಿದ ನಮ್ಮ ಕಡೆಯ ಯುವ ನಾಯಕರು ವಾರಕ್ಕೊಮ್ಮೆ ವೇದಿಕೆ ಹತ್ತುತ್ತಾರೆ. ಇಲ್ಲಿಯವರೆಗೆ ಒಂದು ಮಂಗವೂ ಓಡಿದ ವರದಿಯಿಲ್ಲ.